ಒಂದು ಇಂಚಿನಲ್ಲಿ ಎಷ್ಟು ಎಳೆ?

'ಥ್ರೆಡ್ ಕೌಂಟ್ ಎಷ್ಟು?' ಎಂದು ಬೆಂಗಳೂರಿನ ಒಬ್ಬರು ವಾಟ್ಸಪ್ಪಿನಲ್ಲಿ ಕೇಳಿದರು. ಮಗಳ ಬಾಣಂತನಕ್ಕೆ ಅವರಿಗೆ ಮೂರು ಕೌದಿ ಬೇಕಾಗಿತ್ತು. ದೊಡ್ಡವು ಎರಡು, ಹುಟ್ಟಲಿರುವ ಮಗುವಿಗೆ ಸಣ್ಣದೊಂದು. ಹೊಲಿಯುವವಳು ಅಮ್ಮ. ಫೋಟೊ ತೆಗೆದು ಹಾಕಿ, ಕೇಳಿದವರಿಗೆ ಉತ್ತರ ಕೊಟ್ಟು, ಕೊರಿಯರ್ ಮಾಡುವವಳು ನಾನು. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುತ್ತಿದ್ದ ಕಾಲದಲ್ಲಿ ಶುರು ಮಾಡಿದ ಸಣ್ಣ ವ್ಯಾಪಾರ ಇದು.

ಅಮ್ಮನನ್ನು ಕೇಳಿದೆ. 'ಏನವ್ವ ಅದು?' ಅಂದಳು. ಒಂದು ಇಂಚು ಬಟ್ಟೆಯಲ್ಲಿ ಎಷ್ಟು ಎಳೆ ಇದೆ ಅನ್ನುವ ಲೆಕ್ಕ ಎಂದೆ. 'ಎಣಿಸೋಕೆ ಯಾರಿಗೆ ಪುರಸೊತ್ತೈತೆ, ಮುಟ್ಟಿ ನೋಡಕ್ಕೇಳು' ಅಂದು ಒಲೆ ಕಡೆ ಹೋದಳು. ಬೆಂಗಳೂರಿನಲ್ಲಿ ಕೂತವರು ಕೆರಗೋಡಿನ ಬಟ್ಟೆಯನ್ನು ಮುಟ್ಟಿ ನೋಡುವುದು ಹೇಗೆ? ನಾನು ಆನ್‌ಲೈನ್ ಅಂಗಡಿಗಳಲ್ಲಿ ಬೇರೆಯವರು ಏನು ಬರೆದುಕೊಂಡಿದ್ದಾರೆ ಅಂತ ನೋಡಿದೆ. 180, 210, 300, ಒಬ್ಬರಂತೂ 1000. ನಡುವೆ ಎಲ್ಲೋ ನಿಲ್ಲುವ, ಯಾರಿಗೂ ಅನುಮಾನ ಬಾರದ ಒಂದು ಸಂಖ್ಯೆ ಆರಿಸಿ '200' ಎಂದು ಟೈಪಿಸಿದೆ. ಅವರು ಒಂದು ಹೂವು ಕಳಿಸಿ, ದುಡ್ಡನ್ನೂ ಕಳಿಸಿದರು.

ಜ್ಞಾನಮೀಮಾಂಸೆ ಓದುವವಳು ನಾನು. ತಿಳಿವಳಿಕೆಗೆ ಆಧಾರ ಯಾವುದು, ನಂಬಿಕೆಗೂ ತಿಳಿವಳಿಕೆಗೂ ಏನು ವ್ಯತ್ಯಾಸ ಅಂತ ಸೆಮಿನಾರುಗಳಲ್ಲಿ ಮಾತಾಡುತ್ತೇನೆ. ಆ ಹೊತ್ತಿಗೆ ಅದ್ಯಾವುದೂ ನೆನಪಾಗಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂತಲೂ ಅನ್ನಿಸಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ನಮ್ಮ ಅಜ್ಜಿ ಬಟ್ಟೆ ಕೊಳ್ಳುವುದನ್ನು ನೋಡಬೇಕಿತ್ತು. ಮಂಡ್ಯದ ಪೇಟೆಬೀದಿಗೆ ಹೋದರೆ ಒಂದು ಅಂಗಡಿಯಲ್ಲಿ ಅರ್ಧ ದಿನ. ಮೊದಲು ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತಿದ್ದಳು. ಸುಕ್ಕು ನಿಂತರೆ ಹತ್ತಿ, ಚಿಮ್ಮಿ ಸರಿಯಾದರೆ ಬೆರಕೆ. ಆಮೇಲೆ ಉಗುರಿನಿಂದ ಕೆರೆದು ನೋಡುವಳು. ಬಿಳಿ ಪುಡಿ ಉದುರಿದರೆ ಗಂಜಿ ಜಾಸ್ತಿ. 'ಗಂಜಿ ಓದ್ಮೇಲೆ ಬಟ್ಟೆ ಯೋಗ್ಯತೆ ಗೊತ್ತಾಯ್ತದೆ' ಅನ್ನುತ್ತಿದ್ದಳು. ಬಟ್ಟೆಯನ್ನು ಓರೆಯಾಗಿ ಎಳೆದು ಬಿಟ್ಟಾಗ ಎಳೆಗಳು ಸರಿದು ಜಾಗ ಬಿಡುತ್ತವೋ ನೋಡುವಳು. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿಯುವಳು. ಕೊನೆಯ ಪರೀಕ್ಷೆ ನನಗೆ ಇಷ್ಟ. ಅಂಚಿನಿಂದ ಒಂದು ಎಳೆ ಕಿತ್ತು, ನಡುವೆ ಎಂಜಲು ಹಚ್ಚಿ ಎರಡೂ ಕೈಯಿಂದ ಎಳೆಯುವಳು. ಒದ್ದೆಯಾದ ಜಾಗದಲ್ಲೇ ಕಿತ್ತು ಬಂದರೆ 'ಬ್ಯಾಡ' ಅಂತ ಎದ್ದುಬಿಡುವಳು. ಹತ್ತಿಯ ನೂಲು ಒದ್ದೆಯಾದಾಗ ಗಟ್ಟಿಯಾಗುತ್ತದೆ, ರೇಯಾನ್ ದುರ್ಬಲವಾಗುತ್ತದೆ ಎಂದು ಜವಳಿಶಾಸ್ತ್ರದ ಪುಸ್ತಕದಲ್ಲಿ ನಾನು ಓದಿದ್ದು ಅವಳು ಹೋದ ಮೇಲೆ.

ಅನುಮಾನ ಬಂದರೆ ಮನೆಗೆ ತಂದ ಮೇಲೂ ಒಂದು ಎಳೆಗೆ ಬೆಂಕಿ ಹಚ್ಚುತ್ತಿದ್ದಳು. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು, ಕರಗಿ, ಕಲ್ಲಿನಂಥ ಸಣ್ಣ ಗುಂಡಾಗಿ ಬೆರಳು ಸುಡುತ್ತದೆ. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸದೆ ಹಳೆಯ ಬಟ್ಟೆಯ ಜೊತೆ ಸೇರಿಸಿ ಹೊಲಿಯಲು ಬಿಡುತ್ತಿರಲಿಲ್ಲ. ಹೊಸದು ಮೊದಲ ನೀರಿಗೆ ಕುಗ್ಗುತ್ತದೆ, ಹಳೆಯದು ಆಗಲೇ ಕುಗ್ಗಿ ಮುಗಿದಿರುತ್ತದೆ. ಹೊಲಿಗೆಯ ಪಕ್ಕದಲ್ಲೇ ಹಳೆಯದು ಹರಿಯುತ್ತದೆ. ಹಳೆ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬ ಏಸುವಿನ ದೃಷ್ಟಾಂತ ನಿಂತಿರುವುದೂ ಇದರ ಮೇಲೆಯೇ. ಬೈಬಲ್ ಕೇಳದ ಅಜ್ಜಿಗೂ ಅದು ಗೊತ್ತಿತ್ತು. ಬಟ್ಟೆ ಕೈಯಲ್ಲಿದ್ದವರಿಗೆಲ್ಲ ಗೊತ್ತಿರುವ ವಿಷಯ ಅದು.

ಇಷ್ಟು ಹೇಳಿದರೆ, ಕೈಗೆ ಎಲ್ಲ ಗೊತ್ತು, ಸಂಖ್ಯೆ ಎಲ್ಲ ಮೋಸ ಅಂತ ಬರೆದು ಮುಗಿಸಬಹುದು. ಅಜ್ಜಿಯರ ಬಗ್ಗೆ ಹಾಗೆ ಬರೆಯುವ ಚಾಳಿ ನಮ್ಮ ತಲೆಮಾರಿಗೆ ಸ್ವಲ್ಪ ಜಾಸ್ತಿಯೇ ಇದೆ. ನಿಜ ಅಷ್ಟು ಸಲೀಸಾಗಿಲ್ಲ.

ಥ್ರೆಡ್ ಕೌಂಟ್ ಎಂದರೆ ಒಂದು ಚದರ ಇಂಚಿನಲ್ಲಿರುವ ಹಾಸಿನ ಎಳೆ ಮತ್ತು ಹೊಕ್ಕಿನ ಎಳೆಗಳ ಮೊತ್ತ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದದ್ದು ಹಾಸು, ಲಾಳಿ ಅಡ್ಡಕ್ಕೆ ಒಯ್ಯುವುದು ಹೊಕ್ಕು. 'ಹಾಸುಹೊಕ್ಕು' ಅನ್ನುವ ಮಾತನ್ನು ಎಲ್ಲದಕ್ಕೂ ಬಳಸುತ್ತೇವೆ, ಬಟ್ಟೆಗೆ ಬಿಟ್ಟು. ಹಾಸು 60, ಹೊಕ್ಕು 60 ಇದ್ದರೆ 120. ಇದರಲ್ಲಿ ಮೋಸವೇನೂ ಇಲ್ಲ. ಎಳೆ ದಟ್ಟವಾಗಿದ್ದರೆ ಬಟ್ಟೆ ಬೇಗ ಜಾಳಾಗುವುದಿಲ್ಲ, ಹೊಲಿಗೆಯ ತೂತು ಅಗಲವಾಗುವುದಿಲ್ಲ. ಅದನ್ನು ಎಣಿಸಬಹುದು, ಯಾರು ಎಣಿಸಿದರೂ ಅಷ್ಟೇ ಬರಬೇಕು. ಅಜ್ಜಿಯ ಕೈ ತಯಾರಾಗಲು ಐವತ್ತು ವರ್ಷ ಬೇಕಾಯಿತು. ಆ ಕೈ ಇಲ್ಲದವರೂ, ಅಂಗಡಿಯೊಳಗೆ ಕಾಲಿಟ್ಟು ಮುಟ್ಟಿ ನೋಡುವ ಹಕ್ಕು ಇಲ್ಲದಿದ್ದವರೂ ಎಣಿಕೆಯಿಂದ ತಮ್ಮ ದುಡ್ಡನ್ನು ಕಾಪಾಡಿಕೊಳ್ಳಬಹುದು. ಬಟ್ಟೆಯನ್ನು ದೂರದಿಂದ ತೋರಿಸಿ, ದುಡ್ಡನ್ನು ಹೊಸ್ತಿಲ ಮೇಲೆ ಇಡಿಸಿಕೊಳ್ಳುತ್ತಿದ್ದ ಕಾಲ ನಮ್ಮೂರ ಕಡೆ ಬಹಳ ಹಿಂದಿನದೇನಲ್ಲ. ಅಜ್ಜಿ ಮುಟ್ಟಿ ನೋಡಿದ್ದು ಅವಳ ಜಾಣತನ ಹೌದು, ಅವಳ ಜಾತಿ ಒದಗಿಸಿದ ಅನುಕೂಲವೂ ಹೌದು. ಅದಕ್ಕೇ ಅಳತೆ, ಮುದ್ರೆ, ಮಾನಕ ಅಂದರೆ ನನಗೆ ಗೌರವ.

ಅದೇ ಅಳತೆ ಮಾರುವವನ ಬಾಯಿಗೆ ಬಂದಾಗ ಏನಾಗುತ್ತದೆ ನೋಡಿ. ಒಂದು ಇಂಚಿನಲ್ಲಿ ಹಿಡಿಸುವ ನೂಲಿಗೆ ಒಂದು ಮಿತಿ ಇದೆ. ಹಾಗಾದರೆ 1000 ಹೇಗೆ ಬಂತು? ಎರಡು ಮೂರು ಸಣ್ಣ ಎಳೆಗಳನ್ನು ಹುರಿ ಮಾಡಿ ಒಂದು ನೂಲಾಗಿಸಿ ನೇಯುತ್ತಾರೆ, ಎಣಿಸುವಾಗ ಹುರಿಯನ್ನು ಬಿಡಿಸಿ ಎಣಿಸುತ್ತಾರೆ. ಜವಳಿಯ ಮಾನಕದ ಪ್ರಕಾರ ಹುರಿ ಮಾಡಿದ ನೂಲು ಒಂದೇ ನೂಲು. ಹೀಗೆ ಉಬ್ಬಿಸಿ ಹೇಳುವುದು ಗಿರಾಕಿಯ ದಾರಿ ತಪ್ಪಿಸಬಹುದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಸಿಬ್ಬಂದಿ 2005ರಲ್ಲೇ ಅಭಿಪ್ರಾಯ ಕೊಟ್ಟಿದ್ದರು. ಸಂಖ್ಯೆಯನ್ನು ಬಿಟ್ಟು ಹೆಸರಿಗೆ ಬಂದರೂ ಅದೇ ಕಥೆ. 2016ರ ಆಗಸ್ಟ್‌ನಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳು ನಮ್ಮ ದೇಶದ ವೆಲ್‌ಸ್ಪನ್ ಕಂಪನಿಯೊಂದಿಗಿನ ವ್ಯವಹಾರ ಕಡಿದುಕೊಂಡವು. ಈಜಿಪ್ಟ್ ಹತ್ತಿಯೆಂದು ಮಾರಿದ ಸುಮಾರು 7.5 ಲಕ್ಷ ಹಾಸಿಗೆವಸ್ತ್ರ ಮತ್ತು ದಿಂಬಿನ ಚೀಲಗಳಲ್ಲಿ ಬೇರೆ ಹತ್ತಿ ಇತ್ತು ಎಂಬುದು ಕಾರಣ. ಎರಡು ವರ್ಷ ಲಕ್ಷಾಂತರ ಜನ ಅದರ ಮೇಲೆ ಮಲಗಿ ಎದ್ದಿದ್ದರು. ಅವರ ಮೈಗೂ ಗೊತ್ತಾಗಿರಲಿಲ್ಲ ಅನ್ನುವುದನ್ನು ಮುಟ್ಟಿ ನೋಡುವವರ ಪಕ್ಷದವರು ನೆನಪಿಡಬೇಕು.

ನ್ಯಾಯದರ್ಶನದಲ್ಲಿ ಶಬ್ದಪ್ರಮಾಣಕ್ಕೆ ಒಂದು ಷರತ್ತು ಇದೆ. ಹೇಳುವವನು ಆಪ್ತನಾಗಿರಬೇಕು. ಆಪ್ತ ಎಂದರೆ ನೆಂಟನಲ್ಲ, ಸಂಗತಿಯನ್ನು ಇದ್ದಂತೆ ಕಂಡವನು ಮತ್ತು ಕಂಡಂತೆ ತಿಳಿಸಬೇಕೆಂಬ ಬಯಕೆ ಇರುವವನು. ಅಂಥವನು ಋಷಿಯೇ ಆಗಬೇಕಿಲ್ಲ, ಆರ್ಯನೂ ಆಗಬಹುದು, ಮ್ಲೇಚ್ಛನೂ ಆಗಬಹುದು ಎಂದು ಭಾಷ್ಯಕಾರ ವಾತ್ಸ್ಯಾಯನ ಸೇರಿಸುತ್ತಾನೆ. ಅಂದರೆ ಬಟ್ಟೆ ಅಂಗಡಿಯವನಿಗೂ ಅವಕಾಶ ಇದೆ. ನನ್ನ '200' ಈ ಎರಡು ಷರತ್ತುಗಳಲ್ಲಿ ಎಲ್ಲಿ ಸೋತಿತು? ಎರಡರಲ್ಲೂ. ನಾನು ಎಣಿಸಿರಲಿಲ್ಲ, ಹಾಗಾಗಿ ಕಂಡಿರಲಿಲ್ಲ. ತಿಳಿಸಬೇಕೆಂಬ ಬಯಕೆಯೂ ಇರಲಿಲ್ಲ, ಪ್ರಶ್ನೆ ಮುಗಿದರೆ ಸಾಕಾಗಿತ್ತು. ಅದು 128 ಇದೆ ಅಂತ ಗೊತ್ತಿದ್ದೂ 200 ಎಂದಿದ್ದರೆ ಅದು ಸುಳ್ಳು. ಎಷ್ಟಿದೆಯೋ ಅದರ ಗೊಡವೆಯೇ ಇಲ್ಲದೆ 200 ಎಂದದ್ದು ಸುಳ್ಳಿಗಿಂತ ಸಣ್ಣದೋ ದೊಡ್ಡದೋ? ಸುಳ್ಳುಗಾರನಿಗಾದರೂ ನಿಜದ ಮೇಲೆ ಒಂದು ಕಣ್ಣಿರಬೇಕು, ಅದನ್ನು ಬಚ್ಚಿಡಬೇಕಲ್ಲ. ನನಗೆ ಅಷ್ಟೂ ಇರಲಿಲ್ಲ.

ಹೀಗೆ ಯಾರೂ ಕೈಯಲ್ಲಿ ಹಿಡಿಯದ ಸಂಖ್ಯೆಗಳು ಎಷ್ಟು ದೂರ ಓಡಬಲ್ಲವು ಅನ್ನುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ರಾಷ್ಟ್ರಧ್ವಜ ತಯಾರಿಸಲು ಮಾನಕ ಸಂಸ್ಥೆಯ ಮುದ್ರೆ ಪಡೆದ ಕೇಂದ್ರ. ಧ್ವಜದ ಬಟ್ಟೆಯಷ್ಟು ಕಟ್ಟುನಿಟ್ಟಾಗಿ ಅಳೆಯುವ ಬಟ್ಟೆ ನಮ್ಮ ದೇಶದಲ್ಲಿ ಬೇರೆ ಇರಲಿಕ್ಕಿಲ್ಲ. ನೂಲು, ನೇಯ್ಗೆ, ಬಣ್ಣ, ಹೊಲಿಗೆ ಪ್ರತಿಯೊಂದಕ್ಕೂ ಪರೀಕ್ಷೆ. ಅದರ ಬಗ್ಗೆ ಪ್ರತಿ ಆಗಸ್ಟ್‌ನಲ್ಲಿ ಓದುವ ಬರಹಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ಆ ಬಟ್ಟೆ ಒಂದು ಚದರ ಅಡಿಗೆ ಸರಿಯಾಗಿ 205 ಗ್ರಾಂ ತೂಗಬೇಕು. ಸ್ವಲ್ಪ ಗುಣಿಸಿ. ಐದಡಿ ಅಗಲ, ಏಳಡಿ ಉದ್ದದ ಒಂದು ಹೊದಿಕೆಯಷ್ಟು ಧ್ವಜದ ಬಟ್ಟೆ ಹೊದ್ದರೆ ಏಳು ಕಿಲೊಗೂ ಜಾಸ್ತಿ ಭಾರ. ಅಂಥ ಧ್ವಜ ಹಾರಬೇಕಾದರೆ ಬಿರುಗಾಳಿಯೇ ಬೀಸಬೇಕು. ಚದರ ಮೀಟರಿಗೆ 205 ಎಂದರೆ ಲೆಕ್ಕ ಕೂಡುತ್ತದೆ. ಯಾವಾಗಲೋ ಯಾರದೋ ಕೈಯಲ್ಲಿ ಮೀಟರು ಅಡಿಯಾಯಿತು, ಆಮೇಲೆ ಎಲ್ಲರೂ ನಕಲು ಮಾಡಿದರು. ಬೆಂಗೇರಿಯಲ್ಲಿ ಹೊಲಿಯುವ ಹೆಂಗಸರು ಈ ಬರಹಗಳನ್ನು ಓದಿದರೆ ನಗುತ್ತಾರೆ. ಇನ್ನು 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು, ಅವರ ನಗುವಿಗೆ ಅಷ್ಟು ಅವಕಾಶವೂ ಉಳಿಯಲಿಲ್ಲ. ನಮ್ಮೂರ ಹೆಸರು 2024ರ ಜನವರಿಯಲ್ಲಿ ರಾಜ್ಯಕ್ಕೆಲ್ಲ ಗೊತ್ತಾದದ್ದೂ ಧ್ವಜದಿಂದಲೇ, 108 ಅಡಿಯ ಕಂಬದ ಮೇಲೆ ಯಾವುದು ಹಾರಬೇಕು ಎಂಬ ಜಗಳದಿಂದ. ಬಟ್ಟೆ ಯಾವುದು ಅಂತ ಆಗ ನಾನೂ ಕೇಳಲಿಲ್ಲ.

ಕೌದಿಗೆ ಬರೋಣ. ನಮ್ಮ ಕಡೆ ಕೆಲವರು ಬೊಂತೆ ಅಂತಲೂ ಅನ್ನುತ್ತಾರೆ. ಗಿರಾಕಿಯ ಪ್ರಶ್ನೆಯಲ್ಲಿ ನಾನು ಗಮನಿಸದೇ ಹೋದ ಇನ್ನೊಂದು ವಿಷಯ ಇತ್ತು. 'ಒಳ್ಳೆಯದು' ಅನ್ನುವ ಮಾತು 'ಕೆಂಪು' ಅನ್ನುವ ಮಾತಿನಂಥದಲ್ಲ ಎಂದು ಪೀಟರ್ ಗೀಚ್ ಎಂಬ ತತ್ತ್ವಜ್ಞ 1956ರ ಒಂದು ಸಣ್ಣ ಲೇಖನದಲ್ಲಿ ವಾದಿಸಿದ. ಕೆಂಪು ಕಾರು ಎಂದರೆ ಅದು ಕೆಂಪು, ಅದು ಕಾರು, ಎರಡನ್ನೂ ಬಿಡಿಬಿಡಿಯಾಗಿ ಹೇಳಬಹುದು. ಒಳ್ಳೆಯ ಕಾರು ಎಂಬುದನ್ನು ಹಾಗೆ ಒಡೆಯಲಾಗದು. ಯಾವುದಾಗಿ ಒಳ್ಳೆಯದು ಎಂದು ಹೇಳದೆ ಬರೀ ಒಳ್ಳೆಯದು ಅನ್ನುವುದಕ್ಕೆ ಅರ್ಥವಿಲ್ಲ. ಹೊದ್ದುಕೊಳ್ಳುವ ಹಾಸಿಗೆವಸ್ತ್ರವಾಗಿ 300 ಎಳೆಯ ಬಟ್ಟೆ ಒಳ್ಳೆಯದಿರಬಹುದು. ಐದು ಪದರ ಜೋಡಿಸಿ ಕೈಯಲ್ಲಿ ಸಣ್ಣ ಸಣ್ಣ ಟಾಕು ಹಾಕುತ್ತಾ ಹೋಗುವ ಕೌದಿಗೆ ಅದು ಶಿಕ್ಷೆ. ಎಳೆಗಳ ನಡುವೆ ಸೂಜಿಗೆ ದಾರಿ ಇರುವುದಿಲ್ಲ. ಕೈಯಲ್ಲಿ ಹೊಲಿಯುವ ಅಮೆರಿಕದ ಕ್ವಿಲ್ಟ್‌ನವರೂ ದಟ್ಟ ನೇಯ್ಗೆಯ ಬಾಟಿಕ್ ಬಟ್ಟೆಯನ್ನು ಕಂಡರೆ ದೂರ ಹೋಗುತ್ತಾರೆ. ಅವರ ಸಾಮಾನ್ಯ ಕ್ವಿಲ್ಟ್ ಬಟ್ಟೆ ಇರುವುದೇ ಇಂಚಿಗೆ 60 ಹಾಸು, 60 ಹೊಕ್ಕಿನ ಆಸುಪಾಸಿನಲ್ಲಿ.

ಇಲ್ಲಿ ಬೆಲೆಯ ಪ್ರಶ್ನೆ ಎದುರಾಗುತ್ತದೆ. ಜಾಸ್ತಿ ಎಳೆ ಬೇಕು ಎಂದು ಗಿರಾಕಿ ಕೇಳಿದಾಗ, ಬಟ್ಟೆಗೆ ಅವರು ನೂರಿನ್ನೂರು ಜಾಸ್ತಿ ಕೊಡುತ್ತಾರೆ. ಉಳಿದದ್ದನ್ನು ಕೊಡುವುದು ಹೊಲಿಯುವವಳ ಬೆರಳು. ಕೂಲಿ ಕೌದಿಗೆ ಇಷ್ಟು ಅಂತ ಇರುತ್ತದೆ, ಗಂಟೆಗೆ ಅಲ್ಲ. ಎಂಟು ದಿನದ ಕೆಲಸ ಹನ್ನೆರಡು ದಿನ ಆದರೂ ಅಷ್ಟೇ. ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ನಮ್ಮ ಅತ್ತಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾಳೆ: 'ಕ್ವಾಲಿಟಿ ಅಂದ್ರೆ ನಮ್ಗೆ ಬೈಗುಳ ಕನವ್ವಾ, ಬೇರೆಯೋರ್ಗೆ ರೇಟು.'

ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂಡಿಗಳ ಬಗ್ಗೆ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಬಹಳ ಕೆಲಸ ಮಾಡಿದ್ದಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ 'ಫೂಲ' ಇಡುತ್ತಾರೆ. ಅದಿಲ್ಲದ ಕವಂಡಿ ಅವರ ಕಣ್ಣಿಗೆ ಬೆತ್ತಲೆ. ಅದರಿಂದ ಬೆಚ್ಚಗಾಗುವುದಿಲ್ಲ, ಬಾಳಿಕೆಯೂ ಬರುವುದಿಲ್ಲ. ಯಾವ ಮಾನಕದಲ್ಲೂ ಅದಕ್ಕೆ ಅಂಕಣ ಇರುವುದಿಲ್ಲ. ಅವರ ಲೆಕ್ಕದಲ್ಲಿ ಗುಣಮಟ್ಟದ ಮೊದಲ ಪ್ರಶ್ನೆ ಬಹುಶಃ ಅದೇ.

ನಮ್ಮ ಮನೆಯಲ್ಲಿ ಮೊದಲ ಪ್ರಶ್ನೆ ಬೇರೆ ಇತ್ತು: ಒಳಗೆ ಏನು ಹಾಕಿದ್ದೀಯ? ಕೌದಿಯ ಮೇಲಿನ ಪದರ ಎಲ್ಲರಿಗೂ ಕಾಣುತ್ತದೆ. ಕೆಳಗಿನದೂ ಕಾಣುತ್ತದೆ. ನಡುವಿನ ಪದರಗಳು ಹೊಲಿದ ಮೇಲೆ ಯಾರಿಗೂ ಕಾಣುವುದಿಲ್ಲ. ಹತ್ತು ವರ್ಷ ಕಳೆದು ಮೇಲಿನದು ಹರಿದಾಗಷ್ಟೇ ಒಳಗಿನದು ಹೊರಗೆ ಬರುತ್ತದೆ, ಅಷ್ಟೊತ್ತಿಗೆ ಹೊಲಿದವರು ಇರುತ್ತಾರೋ ಇಲ್ಲವೋ. ಅಜ್ಜಿ ಒಳಗೆ ಹಾಕುತ್ತಿದ್ದದ್ದು ತನ್ನಲ್ಲಿದ್ದ ಅತ್ಯಂತ ಹಳೆಯ, ಅತ್ಯಂತ ಮೆತ್ತನೆಯ ಹತ್ತಿ ಸೀರೆ, ತಾತನ ಪಂಚೆ. ಹುಟ್ಟಿದ ಮಗುವನ್ನು ಮೊದಲು ಸುತ್ತುವುದೂ ಅಂಥ ಬಟ್ಟೆಯಲ್ಲೇ. ನೂರು ಸಲ ಒಗೆದ ಬಟ್ಟೆಯಲ್ಲಿ ಗಂಜಿ ಇಲ್ಲ, ಬಿಡುವ ಬಣ್ಣ ಇಲ್ಲ, ಕುಗ್ಗುವುದಕ್ಕೆ ಏನೂ ಉಳಿದಿಲ್ಲ. ಅದರ ಪರೀಕ್ಷೆಗಳೆಲ್ಲ ಮುಗಿದಿವೆ. ಅಂಗಡಿಯಲ್ಲಿ ಮಾರುವವರು ಯಾರೂ ಇದನ್ನು ಹೇಳಲಾರರು, ಯಾಕೆಂದರೆ ಅವರ ಹತ್ತಿರ ಇರುವುದು ಬರೀ ಹೊಸದು.

ಈಗ ಆ ಹಳೆಯ ಹತ್ತಿ ಸೀರೆ ಎಲ್ಲಿದೆ? ನೈಲೆಕ್ಸು, ಪಾಲಿಯೆಸ್ಟರು ಬಂದಮೇಲೆ ನಮ್ಮ ಕಡೆ ಗದ್ದೆ ಕೆಲಸಕ್ಕೆ ಹೋಗುವವರೆಲ್ಲ ಅದನ್ನೇ ಉಟ್ಟರು. ಬೇಗ ಒಣಗುತ್ತದೆ, ಹರಿಯುವುದಿಲ್ಲ, ಅಗ್ಗ. ಯಾರನ್ನೂ ದೂರುವಂತಿಲ್ಲ. ಹತ್ತಿ ಸೀರೆ ಈಗ ಊರು ಬಿಟ್ಟು ಪೇಟೆಯ ಹವಾನಿಯಂತ್ರಿತ ಅಂಗಡಿ ಸೇರಿದೆ. ಹಾಗಾಗಿ ಊರಿನ ಕಪಾಟಿನಿಂದ ಇವತ್ತು ಕೌದಿಗೆ ಸಿಗುವ ಹಳೆ ಬಟ್ಟೆಯಲ್ಲಿ ಮುಕ್ಕಾಲು ಭಾಗ ಜಾರುವ, ಬೆವರು ಹೀರದ, ಬೆಂಕಿ ತಗುಲಿದರೆ ಕರಗುವ ಬಟ್ಟೆ.

ಬೆಂಗಳೂರಿನವರ ಕೌದಿ ಕಳಿಸಿ ಎರಡು ತಿಂಗಳಾದ ಮೇಲೆ ಇಂಚಿನ ಚೌಕಟ್ಟಿರುವ, ಎಳೆ ಎಣಿಸುವ ಒಂದು ಭೂತಗನ್ನಡಿ ತರಿಸಿದೆ. ಗಾರ್ಮೆಂಟ್ಸ್‌ನಲ್ಲಿ ಇದನ್ನು ಪಿಕ್ ಗ್ಲಾಸ್ ಅನ್ನುತ್ತಾರೆ ಅಂತ ಅತ್ತಿಗೆ ಹೇಳಿದಳು. ಉಳಿದಿದ್ದ ತುಂಡಿನ ಮೇಲೆ ಇಟ್ಟು, ಸೂಜಿಯ ತುದಿಯಿಂದ ಒಂದೊಂದೇ ಎಳೆ ಸರಿಸುತ್ತಾ ಎಣಿಸಿದೆ. ಹಾಸು 68, ಹೊಕ್ಕು 60. ಮೂರು ಕಡೆ ಎಣಿಸಿದರೂ ಒಂದೆರಡರ ವ್ಯತ್ಯಾಸ ಅಷ್ಟೇ. 128. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಗಾಜಿನೊಳಗೆ ತಾನೂ ಒಮ್ಮೆ ಇಣುಕಿ, 'ಚಾಪೆ ಇದ್ದಂಗೈತಲ್ಲ' ಅಂದಳು.

ಆಮೇಲೆ, ಕೇಳದೇ ಇದ್ದರೂ, ತಾನಾಗಿಯೇ ಹೇಳಿದಳು. ಮಗುವಿನ ಕೌದಿಗೆ ಒಳಗೆ ಒಂದು ಪದರ ಕಡಿಮೆ ಬಿತ್ತಂತೆ. ಹತ್ತಿ ಬಟ್ಟೆ ಮುಗಿದಿತ್ತು, ಕೊರಿಯರ್‌ಗೆ ನಾನು ಅವಸರ ಮಾಡುತ್ತಿದ್ದೆ. ತನ್ನದೊಂದು ನೈಲೆಕ್ಸ್ ಸೀರೆಯ ತುಂಡು ಹಾಕಿ ಮುಚ್ಚಿದಳಂತೆ. 'ಮಧ್ಯಕ್ಕಲ್ವ, ಯಾರ್ಗೆ ಗೊತ್ತಾಯ್ತದೆ ಅಂತ ಆಕ್ದೆ. ಅವತ್ತಿಂದ ನಂಗೇ ಗೊತ್ತಾಯ್ತಾ ಐತೆ' ಅಂದಳು.

ಆ ರಾತ್ರಿ ನಾನು ಗಿರಾಕಿಗೆ ಬರೆದೆ. ಬಟ್ಟೆ 200 ಅಲ್ಲ, 128, ಎಣಿಸದೆ ಹೇಳಿದ್ದೆ, ಕ್ಷಮಿಸಿ, ಬೇಡವಾದರೆ ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ ಅಂತ. ಬರೆದು ಹಗುರವಾಯಿತು. ಅವರು ಐದೇ ನಿಮಿಷದಲ್ಲಿ 'ಪರವಾಗಿಲ್ಲಮ್ಮ, ತುಂಬಾ ಮೆತ್ತಗಿದೆ, ಪಾಪು ಅದರಲ್ಲೇ ಮಲಗೋದು' ಎಂದು ಉತ್ತರ ಬರೆದು ಒಂದು ಫೋಟೊ ಕಳಿಸಿದರು. ಜೊತೆಗೆ, ಇನ್ನೊಂದು ಕೌದಿ ಬೇಕು, ಈ ಸಲ ನಿಜವಾಗಿಯೂ 200 ಆದರೆ ಚೆನ್ನ ಎಂದರು.

ಫೋಟೊ ನೋಡುತ್ತಾ ಕೂತೆ. ಅವರು ಕೇಳಿದ್ದು ಎಳೆಯ ಲೆಕ್ಕ, ನಾನು ತಪ್ಪೊಪ್ಪಿಕೊಂಡದ್ದೂ ಎಳೆಯ ಲೆಕ್ಕವನ್ನೇ. 128 ಇದ್ದರೂ 200 ಇದ್ದರೂ ಆ ಮಗುವಿಗೆ ಯಾವ ವ್ಯತ್ಯಾಸವೂ ಇಲ್ಲ. ಅದರ ಮೈಗೆ ಸಂಬಂಧಪಟ್ಟದ್ದು ಒಳಗಿನ ತುಂಡು. ಅದನ್ನು ಅವರು ಕೇಳಿರಲಿಲ್ಲ, ಕೇಳಬೇಕು ಅಂತ ಅವರಿಗೆ ಗೊತ್ತೂ ಇರಲಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂದು ಗೊತ್ತಿದ್ದವಳು ಅಜ್ಜಿ ಒಬ್ಬಳೇ, ಅವಳು ಗಿರಾಕಿ ಆಗಿರಲಿಲ್ಲ. ಕೇಳಿದ ಪ್ರಶ್ನೆಗೆ ನಿಜ ಹೇಳಿ, ಕೇಳದ ಪ್ರಶ್ನೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ ಎಂದು ಗೊತ್ತಾಗಿಯೂ ಮೂರು ವಾರ ಸುಮ್ಮನಿದ್ದೆ. ಆ ಮೂರು ವಾರಕ್ಕೆ ನನ್ನ ಹತ್ತಿರ ಯಾವ ವಾದವೂ ಇಲ್ಲ.

ಅಷ್ಟರಲ್ಲಿ ಮಂಡ್ಯದಿಂದ 200ರ ಆಸುಪಾಸಿನ ಒಂದು ಬಟ್ಟೆ ತಂದು, ಎಣಿಸಿ, ಅಮ್ಮನಿಗೆ ಕೊಟ್ಟಿದ್ದೆ. ಐದು ಪದರ ಜೋಡಿಸಿ ಒಂದು ಗೇಣು ಹೊಲಿದು ನೋಡಿದಳು. ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು, 'ಸೂಜಿ ಇಳಿಯಲ್ಲ ಕಣವ್ವ. ಬೇಕೇ ಬೇಕು ಅಂದ್ರೆ ಒಲಿತೀನಿ. ಮುನ್ನೂರು ಜಾಸ್ತಿ ಏಳು' ಅಂದಳು.

ಮೊನ್ನೆ ಅವರಿಗೆ ಬರೆದೆ. 200 ಎಳೆಯ ಬಟ್ಟೆಗೆ ಕೂಲಿ ಐನೂರು ಜಾಸ್ತಿ ಆಗುತ್ತದೆ, ಅದು ಹೊಲಿಯುವವರ ಕೈಗೆ, 128ರದ್ದಾದರೆ ಹಳೆಯ ಬೆಲೆಯೇ ಅಂತ. ಕೆಳಗೆ ಮಗುವಿನ ಕೌದಿಯ ಒಳಪದರದ ವಿಷಯ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಕಳಿಸಿಕೊಟ್ಟರೆ ಬಿಚ್ಚಿ, ಹತ್ತಿ ಹಾಕಿ, ಹೊಲಿದು ಕೊಡುತ್ತೇವೆ, ಕೊರಿಯರ್ ಖರ್ಚು ನಮ್ಮದು ಅಂತ ಸೇರಿಸಿ ಕಳಿಸಿದೆ. ಓದಿದ್ದಾರೆ, ನೀಲಿ ಗೆರೆ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.